ಹಳೆಯ ಸ್ಟೀಮ್ ಎಂಜಿನ್ ಯಾರದು, ಅದನ್ನು ಹತ್ತು ವರ್ಷಕ್ಕೊಮ್ಮೆ ಬಿಚ್ಚೋದು ಯಾಕೆ? ಬಾಯ್ಲರ್ ಕೆಲಸದವರನ್ನು ಕೇಳಿ

ಪ್ರಶ್ನೆ (ಮ್ಯಾಂಚೆಸ್ಟರ್‌ನಿಂದ): ನಮಸ್ಕಾರ ಸರ್. ಹೋದ ತಿಂಗಳು ಮಕ್ಕಳನ್ನು ಯಾರ್ಕ್‌ನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅನ್ನುವ ಸ್ಟೀಮ್ ಎಂಜಿನ್ನನ್ನು ಮ್ಯೂಸಿಯಂನವರು 23 ಲಕ್ಷ ಪೌಂಡ್ ಕೊಟ್ಟು ಕೊಂಡರು, ಆಮೇಲೆ ರಿಪೇರಿಗೆ 42 ಲಕ್ಷ ಪೌಂಡ್ ಸುರಿದರು ಅಂತ ಅಲ್ಲಿ ಪಕ್ಕದಲ್ಲಿದ್ದವರು ಹೇಳಿದರು. ಕೊಂಡ ಬೆಲೆಗಿಂತ ರಿಪೇರಿ ಜಾಸ್ತಿ ಆಗೋದು ಹೇಗೆ? ಇಂಥ ಎಂಜಿನ್‌ಗಳಿಗೆ ಮಾಲೀಕರು ಅಂತ ಯಾರಿರುತ್ತಾರೆ?

ಉತ್ತರ: ನಮಸ್ಕಾರ. ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ಇಂಗ್ಲೆಂಡಿನ ಉತ್ತರದ ಒಂದು ವರ್ಕ್‌ಶಾಪ್‌ನಲ್ಲಿ 19 ವರ್ಷದಿಂದ ಬಾಯ್ಲರ್ ಕೆಲಸ ಮಾಡುತ್ತಿದ್ದೇನೆ. ನಮ್ಮಪ್ಪ ಅರಸೀಕೆರೆಯಲ್ಲಿ ಮೀಟರ್ ಗೇಜ್ ಕಾಲದ ಫೈರ್‌ಮನ್, ಎಂಜಿನ್‌ಗೆ ಕಲ್ಲಿದ್ದಲು ಹಾಕುವವರು. ಹಾಗಾಗಿ ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನೀವು ಕೇಳಿದ ಎರಡು ಮೊತ್ತವೂ ಸರಿ. ಆ ಎಂಜಿನ್ 1923ರಲ್ಲಿ ಡಾಂಕಾಸ್ಟರ್‌ನಲ್ಲಿ ತಯಾರಾದದ್ದು. 1963ರಲ್ಲಿ ಬ್ರಿಟಿಷ್ ರೈಲ್ವೆ ಅದನ್ನು ಕೆಲಸದಿಂದ ತೆಗೆಯಿತು. ಗುಜರಿಗೆ ಹೋಗಬೇಕಾಗಿದ್ದ ಅದನ್ನು ಅಲನ್ ಪೆಗ್ಲರ್ ಅನ್ನುವವರು 3,000 ಪೌಂಡ್‌ಗೆ ಕೊಂಡರು. 1969ರಲ್ಲಿ ಅಮೆರಿಕಕ್ಕೆ ಪ್ರವಾಸ ಕರೆದೊಯ್ದರು. ಅಲ್ಲಿ ಹಣ ಮುಗಿದು 1972ರಲ್ಲಿ ದಿವಾಳಿಯಾದರು. ಮಾರನೆಯ ವರ್ಷ ವಿಲಿಯಂ ಮ್ಯಾಕಾಲ್ಪೈನ್ 25,000 ಪೌಂಡ್ ಕೊಟ್ಟು ಬಿಡಿಸಿಕೊಂಡು, ಪನಾಮಾ ಕಾಲುವೆಯ ದಾರಿಯಲ್ಲಿ ಹಡಗಿನಲ್ಲಿ ಊರಿಗೆ ತಂದರು. 1996ರಲ್ಲಿ ಕೊಂಡ ಟೋನಿ ಮಾರ್ಚಿಂಗ್ಟನ್ ಕೂಡ ದಿವಾಳಿಯಾದರು. ಕೊನೆಗೆ 2004ರಲ್ಲಿ ಮ್ಯೂಸಿಯಂ ಕೊಂಡಿತು. ಜನರು ಕೊಟ್ಟ ದೇಣಿಗೆಯೂ ಅದರಲ್ಲಿತ್ತು.

ನೋಡಿ, ಒಂದೇ ಎಂಜಿನ್, ಇಬ್ಬರು ಮಾಲೀಕರು ದಿವಾಳಿ. ಇಬ್ಬರಿಗೂ ಆ ಎಂಜಿನ್ ಮೇಲೆ ಪ್ರಾಣ. ಅವರನ್ನು ಹಗುರವಾಗಿ ಮಾತಾಡೋದು ನನಗೆ ಹಿಡಿಸಲ್ಲ. ಪೆಗ್ಲರ್ ಇಲ್ಲದಿದ್ದರೆ ಇವತ್ತು ನಿಮ್ಮ ಮಕ್ಕಳಿಗೆ ಆ ಎಂಜಿನ್ ಕಥೆ ಹೇಳೋಕೇ ಇರುತ್ತಿರಲಿಲ್ಲ. ಆದರೆ ಇದು ಆನೆ ಸಾಕಿದ ಹಾಗೆ. ಕೊಳ್ಳುವ ಬೆಲೆ ಒಂದು ಸಲ ಕೊಟ್ಟರೆ ಮುಗಿಯಿತು. ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ರಿಪೇರಿ ಮಾಡುವ ಖರ್ಚು, ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮ್ಯೂಸಿಯಂನವರು 2006ರಲ್ಲಿ ಕೆಲಸ ಶುರು ಮಾಡಿದರು. ಬಿಚ್ಚುತ್ತಾ ಹೋದ ಹಾಗೆ ಹೊಸ ಹೊಸ ತೊಂದರೆ ಸಿಕ್ಕವು. ಗಾಲಿಯ ಅಚ್ಚುಗಳನ್ನು ಹಿಡಿದುಕೊಳ್ಳುವ ಹಾರ್ನ್‌ಬ್ಲಾಕ್‌ಗಳಲ್ಲಿ ಬಿರುಕು ಬಿಟ್ಟಿತ್ತು. ಎಂಜಿನ್ ಮತ್ತೆ ಪ್ರಯಾಣಿಕರನ್ನು ಎಳೆದುಕೊಂಡು ಲಂಡನ್ನಿಂದ ಯಾರ್ಕ್‌ಗೆ ಹೊರಟದ್ದು 2016ರ ಫೆಬ್ರವರಿ 25ಕ್ಕೆ. ಹತ್ತು ವರ್ಷ.

ಮಾಲೀಕರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎಲ್ಲ ಥರದವರೂ ಇದ್ದಾರೆ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಥರ ಮ್ಯೂಸಿಯಂನದು ಕೆಲವು. ಶ್ರೀಮಂತರ ಸ್ವಂತದ್ದು ಕೆಲವು. ನನಗೆ ಹೆಚ್ಚು ಇಷ್ಟ ಸಾಮಾನ್ಯ ಜನ ಸೇರಿ ಇಟ್ಟುಕೊಂಡಿರುವವು. ಕ್ಲಾನ್ ಲೈನ್ ಅನ್ನುವ ಎಂಜಿನ್ನನ್ನು 1967ರಲ್ಲಿ ಒಂದು ಸೊಸೈಟಿ ಬ್ರಿಟಿಷ್ ರೈಲ್ವೆಯಿಂದ ನೇರವಾಗಿ ಕೊಂಡಿತು. ಇವತ್ತಿಗೂ ಅದೇ ಸೊಸೈಟಿಯದು. ಟಾರ್ನೇಡೊ ಕಥೆ ಇನ್ನೂ ಚೆನ್ನಾಗಿದೆ. ಆ ಜಾತಿಯ 49 ಎಂಜಿನ್‌ಗಳಲ್ಲಿ ಒಂದೂ ಉಳಿದಿರಲಿಲ್ಲ. 1990ರಲ್ಲಿ ಒಂದು ಟ್ರಸ್ಟ್ ಹುಟ್ಟಿತು. ವಾರಕ್ಕೊಂದು ಲೋಟ ಬಿಯರ್ ಬೆಲೆಯಷ್ಟು ಕೊಡಿ, ಹೊಸದನ್ನೇ ಕಟ್ಟೋಣ ಅಂತ ಜನರನ್ನು ಕೇಳಿತು. 2008ರಲ್ಲಿ ಎಂಜಿನ್ ತಯಾರಾಯಿತು. ಸುಮಾರು 30 ಲಕ್ಷ ಪೌಂಡ್ ಆಯಿತು. ಅಷ್ಟು ದೊಡ್ಡ ಬಾಯ್ಲರ್ ಮಾಡಿಕೊಟ್ಟವರು ಜರ್ಮನಿಯ ಮೈನಿಂಗೆನ್ ವರ್ಕ್‌ಶಾಪ್‌ನವರು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಎಂಜಿನ್ ನಿಮ್ಮದಾದರೂ ದಿನನಿತ್ಯದ ರೈಲುಗಳು ಓಡುವ ಮೇನ್ ಲೈನ್ ಮೇಲೆ ನೀವೇ ಓಡಿಸುವ ಹಾಗಿಲ್ಲ. ಲೈಸೆನ್ಸ್ ಇರುವ ರೈಲು ಕಂಪನಿಯೇ ಓಡಿಸಬೇಕು. ಡ್ರೈವರ್ ಕೂಡ ಅವರ ಕಡೆಯವರೇ.

ಪ್ರಶ್ನೆ (ದಾವಣಗೆರೆ, ಮೆಕ್ಯಾನಿಕಲ್ ವಿದ್ಯಾರ್ಥಿ): ಸರ್, ಹತ್ತು ವರ್ಷ ಅನ್ನೋ ಲೆಕ್ಕ ಯಾಕೆ? ಚೆನ್ನಾಗಿ ಓಡ್ತಾ ಇದ್ದರೂ ಬಿಚ್ಚಲೇಬೇಕಾ? ಒಳಗೆ ಏನೇನು ಮಾಡ್ತೀರಿ ಅಂತ ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಬಿಚ್ಚಲೇಬೇಕಪ್ಪ. ಚೆನ್ನಾಗಿ ಓಡುತ್ತಿದೆ ಅನ್ನೋದು ಹೊರಗಿನ ಮಾತು. ಬಾಯ್ಲರ್ ಹಾಳಾಗೋದು ಕಣ್ಣಿಗೆ ಕಾಣದ ಜಾಗದಲ್ಲಿ.

ಬೆಂಕಿ ಉರಿಯುವ ಫೈರ್‌ಬಾಕ್ಸ್ ಒಂದು ಪೆಟ್ಟಿಗೆ ಅಂದುಕೋ. ಬ್ರಿಟಿಷ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅದು ತಾಮ್ರದ್ದು. ಅದರ ಸುತ್ತ ಇನ್ನೊಂದು ಉಕ್ಕಿನ ಪೆಟ್ಟಿಗೆ. ನಡುವೆ ನಾಲ್ಕು ಬೆರಳಷ್ಟು ಜಾಗ, ಅದರ ತುಂಬ ನೀರು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಬಾಯ್ಲರ್‌ನ ಒತ್ತಡ ಚದರ ಅಂಗುಲಕ್ಕೆ 220 ಪೌಂಡ್. ಅಂದರೆ ಒಂದು ಅಂಗುಲ ಉದ್ದ, ಒಂದು ಅಂಗುಲ ಅಗಲದ ಜಾಗದ ಮೇಲೆ ಹೆಚ್ಚುಕಡಿಮೆ 100 ಕೆಜಿ ಅಕ್ಕಿ ಮೂಟೆ ಕೂತ ಹಾಗೆ. ತಾಮ್ರದ ಚಪ್ಪಟೆ ಗೋಡೆ ಅದನ್ನು ತಾಳುತ್ತಾ? ತಾಳಲ್ಲ. ಅದಕ್ಕೇ ಎರಡೂ ಗೋಡೆಗಳನ್ನು ಸ್ಟೇ ಅನ್ನುವ ಸಣ್ಣ ಸರಳುಗಳಿಂದ ಒಂದಕ್ಕೊಂದು ಬಿಗಿದಿರುತ್ತಾರೆ. ದೊಡ್ಡ ಎಂಜಿನ್‌ನಲ್ಲಿ ಇಂಥವು ಸಾವಿರದ ಮೇಲಿರುತ್ತವೆ.

ಬೆಂಕಿ ಹಚ್ಚಿದಾಗ ಒಳಗಿನ ತಾಮ್ರ ಹೊರಗಿನ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಆರಿದಾಗ ಕುಗ್ಗುತ್ತದೆ. ಪ್ರತಿ ಸಲವೂ ಸ್ಟೇ ಅತ್ತಿತ್ತ ಬಾಗುತ್ತದೆ. ವರ್ಷಗಟ್ಟಲೆ ಹೀಗೆ ಬಾಗಿ ಒಂದು ದಿನ ಒಳಗೇ ಮುರಿಯುತ್ತದೆ. ಒಂದು ಮುರಿದರೆ ಅದರ ಭಾರ ಅಕ್ಕಪಕ್ಕದವುಗಳ ಮೇಲೆ. ನಾವು ಫೈರ್‌ಬಾಕ್ಸ್ ಒಳಗೆ ಕೂತು ಒಂದೊಂದನ್ನೂ ಸುತ್ತಿಗೆಯಿಂದ ತಟ್ಟುತ್ತೇವೆ. ಗಟ್ಟಿ ಇದ್ದರೆ ಸದ್ದು ಖಣ್ ಅನ್ನುತ್ತದೆ. ಮುರಿದದ್ದು ಒಡೆದ ಮಡಕೆಯ ಹಾಗೆ. ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತಾರಲ್ಲ, ಅದೇ ವಿದ್ಯೆ. ಈಗ ಅಲ್ಟ್ರಾಸೌಂಡ್ ಯಂತ್ರ ಬಂದಿದೆ, ತಗಡಿನ ದಪ್ಪ ಅದರಲ್ಲೇ ಅಳೆಯುತ್ತೇವೆ. ಆದರೂ ಸುತ್ತಿಗೆಯನ್ನು ನಾನು ಬಿಟ್ಟಿಲ್ಲ.

ಓವರ್‌ಹಾಲ್ ಅಂದರೆ ಕ್ರೇನ್ ತಂದು ಬಾಯ್ಲರನ್ನೇ ಚೌಕಟ್ಟಿನಿಂದ ಎತ್ತುತ್ತೇವೆ. ಮೇಲಿನ ಹೊದಿಕೆ ಬಿಚ್ಚುತ್ತೇವೆ. ಬೆಂಕಿಯ ಬಿಸಿ ಹೊಗೆ ಹಾಯುವ ನೂರಕ್ಕೂ ಹೆಚ್ಚು ಟ್ಯೂಬ್‌ಗಳನ್ನು ಕತ್ತರಿಸಿ ಹೊರಗೆಳೆಯುತ್ತೇವೆ, ಅವು ಮತ್ತೆ ಬರಲ್ಲ, ಹೊಸದೇ ಬೇಕು. ಸವೆದ ತಾಮ್ರದ ಜಾಗಕ್ಕೆ ಹೊಸ ತುಂಡು ಸೇರಿಸುತ್ತೇವೆ. ಸ್ಟೇಗಳನ್ನು ಬದಲಿಸುತ್ತೇವೆ. ಎಲ್ಲ ಮುಗಿದ ಮೇಲೆ ಒಳಗೆ ತಣ್ಣೀರು ತುಂಬಿ, ಕೆಲಸದ ಒತ್ತಡದ ಸುಮಾರು ಒಂದೂವರೆ ಪಟ್ಟು ಒತ್ತಡ ಕೊಟ್ಟು ಪರೀಕ್ಷೆ. ನೀರೇ ಯಾಕೆ ಗೊತ್ತಾ? ನೀರು ಕುಗ್ಗುವುದಿಲ್ಲ. ಎಲ್ಲಾದರೂ ಬಿಟ್ಟುಕೊಂಡರೆ ಸೋರುತ್ತದೆ ಅಷ್ಟೇ. ಹಬೆಯಾಗಿದ್ದರೆ ಸಿಡಿಯುತ್ತದೆ. ಇನ್ಶೂರೆನ್ಸ್ ಕಡೆಯ ಇನ್‌ಸ್ಪೆಕ್ಟರ್ ಮುಂದೆ ನಿಂತು ನೋಡುತ್ತಾರೆ. ಅದು ಪಾಸಾದ ಮೇಲೆ ಹಬೆ ಎಬ್ಬಿಸಿ ಇನ್ನೊಂದು ಪರೀಕ್ಷೆ. ಆಗಲೇ ಟಿಕೆಟ್ ಸಿಗೋದು. ಸರ್ಟಿಫಿಕೇಟ್‌ಗೆ ನಾವು ಹಾಗೇ ಹೇಳೋದು. ನೀನು ಕೇಳಿದ ಹತ್ತು ವರ್ಷ ಅನ್ನೋದು ಆ ಟಿಕೆಟ್‌ನ ಲೆಕ್ಕ. ಟಿಕೆಟ್ ಇದ್ದರೂ ವರ್ಷ ವರ್ಷ ತಪಾಸಣೆ ತಪ್ಪಲ್ಲ.

ಬಾಯ್ಲರ್ ಹೊರಗಿರುವಾಗಲೇ ಕೆಳಗಿನ ಕೆಲಸ. ಅಚ್ಚುಗಳಲ್ಲಿ ಬಿರುಕು ಹುಡುಕೋದು, ಗಾಲಿಯ ಉಕ್ಕಿನ ಟೈರ್ ಲೇತ್‌ನಲ್ಲಿ ಕಡೆಯೋದು, ಬೇರಿಂಗ್‌ಗೆ ಹೊಸದಾಗಿ ವೈಟ್ ಮೆಟಲ್ ಅನ್ನುವ ಮೆದು ಲೋಹ ಎರೆಯೋದು, ಹಬೆ ಪಿಸ್ಟನ್ನನ್ನು ತಳ್ಳುವ ಸಿಲಿಂಡರ್ ಕೊರೆದು ಸರಿ ಮಾಡೋದು. ಮೇನ್ ಲೈನ್‌ಗೆ ಹೋಗುವುದಾದರೆ ಇನ್ನೊಂದಿಷ್ಟು ಸೇರುತ್ತದೆ. ಕೆಂಪು ಸಿಗ್ನಲ್ ದಾಟಿದರೆ ತಾನೇ ಬ್ರೇಕ್ ಹಾಕುವ ಸಲಕರಣೆ, ರೇಡಿಯೊ, ವೇಗ ಬರೆದಿಡುವ ರೆಕಾರ್ಡರ್. 1920, 30ರ ದಶಕದ ಎಂಜಿನ್ ಒಳಗೆ ಈ ಎಲೆಕ್ಟ್ರಾನಿಕ್ಸ್‌ಗೆ ಜಾಗ ಹುಡುಕುವುದೇ ಒಂದು ಕೆಲಸ. ಮಸಿ, ನೀರು, ಶಾಖ, ಕುಲುಕಾಟ ಎಲ್ಲವನ್ನೂ ಅದು ತಡೆದುಕೊಳ್ಳಬೇಕು.

ಅದೇ ವಿದ್ಯಾರ್ಥಿ: ಥ್ಯಾಂಕ್ಯೂ ಸರ್. ಹಾಗಾದರೆ ಜಾಸ್ತಿ ಓಡಿಸದೆ ಇಟ್ಟರೆ ಬಾಯ್ಲರ್ ಹೆಚ್ಚು ದಿನ ಬರುತ್ತಾ?

ಉತ್ತರ: ಎಷ್ಟು ಓಡಿಸಿದೆ ಅನ್ನೋದಕ್ಕಿಂತ ಎಷ್ಟು ಸಲ ಹಚ್ಚಿ ಆರಿಸಿದೆ, ಎಷ್ಟು ಅವಸರ ಮಾಡಿದೆ ಅನ್ನೋದೇ ಮುಖ್ಯ. ದೊಡ್ಡ ಎಂಜಿನ್ ತಣ್ಣಗಿದ್ದರೆ ನಾವು ಹಿಂದಿನ ದಿನವೇ ಸಣ್ಣ ಬೆಂಕಿ ಇಟ್ಟು ರಾತ್ರಿಯೆಲ್ಲ ಬೆಚ್ಚಗೆ ಮಾಡುತ್ತೇವೆ. ಬೆಳಿಗ್ಗೆ ಬಂದು ನಾಲ್ಕು ಗಂಟೆಯಲ್ಲಿ ಹಬೆ ಎಬ್ಬಿಸಿದವರ ಬಾಯ್ಲರ್‌ಗಳನ್ನು ನಾನು ರಿಪೇರಿ ಮಾಡಿದ್ದೇನೆ. ಸ್ಟೇಗಳ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಶತ್ರು ನೀರು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಬಾಯ್ಲರ್ ಒಳಗೂ ಕಟ್ಟುತ್ತದೆ. ಪದರ ಕಟ್ಟಿದರೆ ಶಾಖ ನೀರಿಗೆ ದಾಟಲ್ಲ, ಲೋಹವೇ ಬೇಯುತ್ತದೆ. ನೀರಿಗೆ ಔಷಧ ಹಾಕಬೇಕು, ಆಗಾಗ ಪ್ಲಗ್ ಬಿಚ್ಚಿ ಒಳಗೆಲ್ಲ ತೊಳೆಯಬೇಕು. ಬೇಸರದ ಕೆಲಸ. ಆದರೆ ಇದನ್ನು ಸರಿಯಾಗಿ ಮಾಡಿದವರ ಓವರ್‌ಹಾಲ್ ಬಿಲ್ಲು ಎಷ್ಟೋ ಕಡಿಮೆ ಬರುತ್ತದೆ.

ಪ್ರಶ್ನೆ (ಬೆಂಗಳೂರು, ನಿವೃತ್ತ ಬ್ಯಾಂಕ್ ಉದ್ಯೋಗಿ): ಗುಜರಿಯಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿದ ಎಂಜಿನ್‌ಗಳೂ ಮತ್ತೆ ಓಡಿವೆ ಅಂತ ಓದಿದ್ದೆ. ನಿಜವಾ? ಕೆಲವು ಓವರ್‌ಹಾಲ್ ಇಷ್ಟು ತಡ ಆಗುವುದಕ್ಕೆ ಹಣ ಒಂದೇ ಕಾರಣವಾ?

ಉತ್ತರ: ನಿಜ ಸರ್. ವೇಲ್ಸ್‌ನ ಬ್ಯಾರಿ ಊರಿನಲ್ಲಿ ಡೈ ವುಡ್‌ಹ್ಯಾಮ್ ಅವರ ಗುಜರಿ ಅಂಗಳ ಇತ್ತು. ಅವರು ಕೊಂಡ 297 ಸ್ಟೀಮ್ ಎಂಜಿನ್‌ಗಳಲ್ಲಿ 213 ಉಳಿದುಕೊಂಡವು. ಹಳೆಯ ವ್ಯಾಗನ್ ಒಡೆಯುವ ಕೆಲಸ ಸುಲಭ ಇತ್ತು, ಅದನ್ನೇ ಮೊದಲು ಮಾಡಿಸಿದರು. ಎಂಜಿನ್‌ಗಳು ಸಮುದ್ರದ ಉಪ್ಪು ಗಾಳಿಯಲ್ಲಿ ಕಾಯುತ್ತಾ ನಿಂತವು. ಅಷ್ಟರಲ್ಲಿ ಜನ ಹಣ ಒಟ್ಟು ಮಾಡಿಕೊಂಡು ಬಂದು ಒಂದೊಂದನ್ನೇ ಬಿಡಿಸಿಕೊಂಡರು.

ಅಲ್ಲಿಂದ 1974ರಲ್ಲಿ ಹೊರಟ ಡ್ಯೂಕ್ ಆಫ್ ಗ್ಲೌಸ್ಟರ್ ಕಥೆ ಹೇಳದೆ ಇರಲಾರೆ. 1954ರ ಎಂಜಿನ್. ಆ ಜಾತಿಯಲ್ಲಿ ಅದೊಂದೇ. ಓಡುತ್ತಿದ್ದ ಕಾಲದಲ್ಲಿ ಕಲ್ಲಿದ್ದಲು ಜಾಸ್ತಿ ತಿನ್ನುತ್ತದೆ, ಹಬೆ ಸಾಲದು ಅಂತ ಕೆಟ್ಟ ಹೆಸರು. ಮ್ಯೂಸಿಯಂನಲ್ಲಿ ತೋರಿಸುವುದಕ್ಕೆ ಅಂತ ಅದರ ಒಂದು ಸಿಲಿಂಡರನ್ನೇ ಕತ್ತರಿಸಿಕೊಂಡು ಹೋಗಿದ್ದರು. ಸ್ವಯಂಸೇವಕರು ಹೊಸ ಸಿಲಿಂಡರ್ ಎರಕ ಹಾಕಿಸಿ, 1986ರಲ್ಲಿ ಮತ್ತೆ ಓಡಿಸಿದರು. ಆ ಕೆಲಸದ ನಡುವೆ ಮೂಲ ನಕ್ಷೆ ಹಿಡಿದು ಅಳೆದಾಗ ಗೊತ್ತಾಯಿತು: ಬೂದಿ ತಟ್ಟೆಗೆ ಗಾಳಿ ಬಿಡುವ ಕಿಂಡಿಗಳು ನಕ್ಷೆಯಲ್ಲಿ ಇದ್ದದ್ದಕ್ಕಿಂತ ಚಿಕ್ಕದಾಗಿದ್ದವು. ಬೆಂಕಿಗೆ ಉಸಿರೇ ಕಟ್ಟಿತ್ತು! ಹೊಗೆಕೊಳವೆಯ ಅಳತೆಯಲ್ಲೂ ತಪ್ಪಿತ್ತು. ಎರಡನ್ನೂ ಸರಿ ಮಾಡಿದ ಮೇಲೆ ಕೆಟ್ಟ ಹೆಸರು ಹೊತ್ತಿದ್ದ ಎಂಜಿನ್ ಬೆಟ್ಟ ಹತ್ತುವುದರಲ್ಲಿ ಹೆಸರು ಮಾಡಿತು. ಸರಿಯಾಗಿ ಬಿಚ್ಚಿ ನೋಡಿದವರಿಗೆ ಮಾತ್ರ ಸಿಕ್ಕ ಸತ್ಯ ಅದು.

ತಡ ಆಗುವುದಕ್ಕೆ ಹಣ ದೊಡ್ಡ ಕಾರಣ, ಆದರೆ ಒಂದೇ ಅಲ್ಲ. ಬಿಡಿಭಾಗ ಅಂಗಡಿಯಲ್ಲಿ ಸಿಗಲ್ಲ. ಮರದಲ್ಲಿ ಮಾದರಿ ಮಾಡಿ, ಎರಕ ಹಾಕಿಸಿ, ಕಡೆಯಬೇಕು. ಒಂದು ಸಲ ಒಂದು ಸೊಸೈಟಿಯ ಎಂಜಿನ್‌ಗೆ ನಾವು ಹೊರಗಿನ ಫೌಂಡ್ರಿಯಿಂದ ಸಿಲಿಂಡರ್ ಎರಕ ತರಿಸಿದ್ದೆವು. ನೋಡೋಕೆ ಚೆನ್ನಾಗಿತ್ತು. ಕಡೆಯುತ್ತಾ ಕೊನೆಯ ಅಳತೆಗೆ ಬಂದಾಗ ಒಳಗೆ ಗಾಳಿಗುಳ್ಳೆಯ ತೂತುಗಳು ಕಂಡವು. ಎರಡು ತಿಂಗಳ ಕೆಲಸ ಹೋಯಿತು. ಹೊಸ ಎರಕಕ್ಕೆ ಸರದಿಯಲ್ಲಿ ಎಂಟು ತಿಂಗಳು ಕಾದೆವು. ಆ ಸೊಸೈಟಿಯ ಹಿರಿಯರೊಬ್ಬರು ಎಂಜಿನ್ ಓಡುವುದನ್ನು ನೋಡಲು ಕಾಯುತ್ತಿದ್ದರು. ನೋಡದೆಯೇ ತೀರಿಕೊಂಡರು. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ. ಆಮೇಲಿಂದ ಎರಕ ಬಂದ ದಿನವೇ, ಕಡೆಯುವ ಮೊದಲೇ ಒಳಗೆ ಪರೀಕ್ಷೆ ಮಾಡಿಸುತ್ತೇನೆ.

ಪ್ರಶ್ನೆ (ಮೈಸೂರು): ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿರುವ ಎಂಜಿನ್‌ಗಳನ್ನು ಹೀಗೆ ಓಡಿಸಬಹುದಾ ಸರ್? ನಾವೂ ಹಣ ಸೇರಿಸಿ ಒಂದನ್ನು ಕೊಳ್ಳಬಹುದಾ?

ಉತ್ತರ: ಮೈಸೂರಿನ ಮ್ಯೂಸಿಯಂ 1979ರದ್ದು. ಆ ಎಂಜಿನ್‌ಗಳು ರೈಲ್ವೆಯ ಆಸ್ತಿ. ನಮ್ಮಲ್ಲಿ ಇಂಗ್ಲೆಂಡಿನ ಥರ ಸೊಸೈಟಿ ಕೊಂಡು ಮೇನ್ ಲೈನ್‌ನಲ್ಲಿ ಓಡಿಸುವ ಪದ್ಧತಿ ಬೆಳೆದಿಲ್ಲ. ಆದರೆ ಕೈಕೆಲಸ ನಮ್ಮಲ್ಲಿಲ್ಲ ಅಂದುಕೊಳ್ಳಬೇಡಿ. 1855ರ ಫೇರಿ ಕ್ವೀನ್ ಎಂಜಿನ್ 1909ರಲ್ಲಿ ನಿವೃತ್ತಿಯಾಗಿದ್ದದ್ದು 1997ರಲ್ಲಿ ಮತ್ತೆ ದೆಹಲಿಯಿಂದ ರಾಜಸ್ಥಾನದ ಅಲ್ವರ್‌ಗೆ ಓಡಿತು. 2011ರಲ್ಲಿ ಅದರ ಬಿಡಿಭಾಗಗಳು ಕಳವಾದವು. ಚೆನ್ನೈನ ಪೆರಂಬೂರಿನ ಲೋಕೋ ವರ್ಕ್ಸ್‌ನವರು ಮತ್ತೆ ಜೀವ ಕೊಟ್ಟರು. ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪ್‌ನವರು ನೀಲಗಿರಿ ರೈಲಿಗೆ ಹೊಸ ಸ್ಟೀಮ್ ಎಂಜಿನ್‌ಗಳನ್ನೇ ಕಟ್ಟಿದ್ದಾರೆ. ಊಟಿಗೆ ಹೋದರೆ ಮೆಟ್ಟುಪಾಳ್ಯಂ ಕಡೆಯಿಂದ ಹತ್ತಿ, ಎಂಜಿನ್ ಕಡೆ ಕಣ್ಣಿಟ್ಟು ನೋಡಿ.

ಬಯಲಲ್ಲಿ ನಿಂತ ಎಂಜಿನ್‌ಗೆ ಮಾತ್ರ ಒಂದು ಮಾತು ಹೇಳುತ್ತೇನೆ. ಮೇಲೆ ಬಣ್ಣ ಬಳಿದರೆ ಸಾಲದು. ಹೊದಿಕೆಯೊಳಗೆ ಮಳೆನೀರು ಇಳಿದರೆ ಬಾಯ್ಲರ್ ಒಳಗಿಂದೊಳಗೇ ತಿಂದುಹೋಗುತ್ತದೆ. ಹೊಗೆಕೊಳವೆಯ ಬಾಯಿ ಮುಚ್ಚಿಡಬೇಕು, ಮೇಲೊಂದು ಸೂರು ಬೇಕು.

ಪ್ರಶ್ನೆ (ಮ್ಯಾಂಚೆಸ್ಟರ್‌ನಿಂದ, ಮತ್ತೆ): ಸರ್, ಇಷ್ಟು ಓದಿದ ಮೇಲೆ ಸುಮ್ನೆ ಇರೋಕೆ ಆಗ್ತಿಲ್ಲ. ಒಂದು ಸೊಸೈಟಿಗೆ ತಿಂಗಳು ತಿಂಗಳು ಸ್ವಲ್ಪ ಹಣ ಕೊಡೋಣ ಅಂತಿದ್ದೇನೆ. ಏನು ನೋಡಿ ಕೊಡಬೇಕು?

ಉತ್ತರ: ತುಂಬಾ ಸಂತೋಷ. ಬಾಯ್ಲರ್ ಟಿಕೆಟ್ ಯಾವಾಗ ಮುಗಿಯುತ್ತದೆ ಅಂತ ಕೇಳಿ. ಮುಂದಿನ ಓವರ್‌ಹಾಲ್‌ಗೆ ಈಗಿನಿಂದಲೇ ಬೇರೆ ಹಣ ಎತ್ತಿಡುತ್ತಿದ್ದಾರಾ ಅಂತ ಕೇಳಿ. ಇದು ಮುಖ್ಯ. ಎಂಜಿನ್ ಓಡುವಾಗ ಬಂದ ಬಾಡಿಗೆಯನ್ನೆಲ್ಲ ಆಗಲೇ ಖರ್ಚು ಮಾಡಿದವರ ಎಂಜಿನ್ ಟಿಕೆಟ್ ಮುಗಿದ ಮೇಲೆ ಶೆಡ್ ಮೂಲೆಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಕೆಲವು ಕಡೆ ರೈಲು ನಡೆಸುವವರೇ ಓವರ್‌ಹಾಲ್ ಖರ್ಚು ಹಾಕಿ, ಬದಲಿಗೆ ಹತ್ತು ವರ್ಷ ಓಡಿಸಿಕೊಳ್ಳುವ ಒಪ್ಪಂದ ಇರುತ್ತದೆ. ಅದೂ ಒಳ್ಳೆಯದೇ. ಕಾಗದದಲ್ಲಿ ಏನಿದೆ ಅಂತ ಓದಿ ನೋಡಿ.

ಹಣದ ಜೊತೆ ಒಂದು ಶನಿವಾರವನ್ನೂ ಕೊಡಿ. ಮೊದಲ ದಿನ ಕೊಡುವ ಕೆಲಸ ತುಕ್ಕು ಉಜ್ಜುವುದು, ಎಣ್ಣೆ ಜಿಡ್ಡು ಒರೆಸುವುದು. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಎಸೆಯುವಂಥ ಹಳೆ ಬಟ್ಟೆ ಹಾಕಿಕೊಂಡು ಹೋಗಿ, ಆ ಕಪ್ಪು ಒಗೆದರೂ ಹೋಗಲ್ಲ. ಯಾವ ಎಂಜಿನ್ ಅಂತ ಇಲ್ಲೇ ಬರೆದು ತಿಳಿಸಿ. ಅದರ ಬಾಯ್ಲರ್‌ನಲ್ಲಿ ಎಲ್ಲೆಲ್ಲಿ ಕಣ್ಣಿಡಬೇಕು ಅಂತ ಹೇಳಿಕೊಡುತ್ತೇನೆ.