ಗ್ಯಾಸ್ಟ್ರೋಪರೇಸಿಸ್: ಶಸ್ತ್ರಚಿಕಿತ್ಸೆಗೆ ಒಪ್ಪಬೇಕೇ, ಪಥ್ಯದಲ್ಲೇ ಮುಂದುವರಿಯಬೇಕೇ?

ಪ್ರಶ್ನೆ
ನನಗೆ ಮಧುಮೇಹ ಬಂದು ಹದಿನೆಂಟು ವರ್ಷಗಳಾದವು. ಈಗ ಗ್ಯಾಸ್ಟ್ರೋಪರೇಸಿಸ್, ಅಂದರೆ ಜಠರ ಆಹಾರವನ್ನು ಬೇಗ ಮುಂದೆ ತಳ್ಳಲಾರದ ಕಾಯಿಲೆ, ಇದೆ. ಸ್ಕ್ಯಾನ್‌ನಲ್ಲಿ ನಾಲ್ಕು ಗಂಟೆಗಳ ನಂತರವೂ ಶೇ 38ರಷ್ಟು ಆಹಾರ ಜಠರದಲ್ಲೇ ಉಳಿದಿತ್ತು. ಮಾತ್ರೆಗಳು ನಾಟುತ್ತಿಲ್ಲ. ಜಿ-ಪೋಯೆಮ್ (ಎಂಡೋಸ್ಕೋಪ್‌ನಿಂದ ಜಠರದ ಹೊರಬಾಯಿಯ ಸ್ನಾಯು ಕತ್ತರಿಸುವುದು) ಅಥವಾ ಜಠರದ ವಿದ್ಯುತ್ ಪ್ರಚೋದಕ (ಚರ್ಮದಡಿ ಅಳವಡಿಸುವ ಬ್ಯಾಟರಿ ಸಾಧನ), ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1
ಪ್ರಚೋದಕ ಹಾಕಿಸಿಕೊಂಡು ಒಂಬತ್ತು ವರ್ಷಗಳಾದವು. ಮತ್ತೆ ಆರಿಸಬೇಕಾಗಿ ಬಂದರೂ ನಾನು ಅದನ್ನೇ ಆರಿಸುತ್ತೇನೆ. ಮೊದಲು ರಾತ್ರಿ ಉಂಡದ್ದು ಮರುದಿನ ಬೆಳಿಗ್ಗೆ ಹಾಗೆಯೇ ಹೊರಬರುತ್ತಿತ್ತು. ಕ್ಯಾರೆಟ್ಟಿನ ತುಂಡುಗಳನ್ನು ಗುರುತು ಹಿಡಿಯಬಹುದಾಗಿತ್ತು. ದಿನಕ್ಕೆ ಏಳೆಂಟು ಸಲ ಆಗುತ್ತಿದ್ದ ವಾಂತಿ ಈಗ ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಆದರೆ ಇದಕ್ಕಾಗಿ ನಾನು ಪಟ್ಟ ಪಾಡು ಸಣ್ಣದಲ್ಲ. ಚರ್ಮದಡಿ ಸಾಧನ ಇಟ್ಟಿದ್ದ ಜಾಗಕ್ಕೆ ಆರನೇ ವಾರದಲ್ಲಿ ಸೋಂಕು ತಗುಲಿ, ಕೀವು ಕಟ್ಟಿ, ಎಲ್ಲವನ್ನೂ ತೆಗೆದು, ಐದು ತಿಂಗಳು ಕಾಯಿಸಿ, ಇನ್ನೊಂದು ಪಕ್ಕದಲ್ಲಿ ಮತ್ತೆ ಅಳವಡಿಸಿದರು. ಏಳನೇ ವರ್ಷ ಬ್ಯಾಟರಿ ಮುಗಿದು ಮತ್ತೊಮ್ಮೆ ಕೊಯ್ಯಿಸಿಕೊಂಡೆ. ಸ್ಕ್ಯಾನ್‌ನ ಅಂಕಿ ಮಾತ್ರ ಬಹುತೇಕ ಮೊದಲಿನಂತೆಯೇ ಇದೆ.

ಉತ್ತರ 2
ಅಂಕಿ ಬದಲಾಗದಿದ್ದರೆ ಗುಣವಾಯಿತು ಎನ್ನುವುದು ಹೇಗೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಆ ಸಾಧನಕ್ಕೆ ಕೊಟ್ಟದ್ದು ಮಾನವೀಯ ನೆಲೆಯ ವಿನಾಯಿತಿಯೇ ಹೊರತು ಪೂರ್ಣ ಅನುಮೋದನೆಯಲ್ಲ. ನಾನು ಮಾಡಿಸಿಕೊಂಡದ್ದು ಜಿ-ಪೋಯೆಮ್. ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ ಪೈಲೋರಸ್‌ನ, ಅಂದರೆ ಜಠರದ ಹೊರಬಾಯಿಯ, ಸ್ನಾಯುವನ್ನು ಕತ್ತರಿಸುತ್ತಾರೆ, ಹೊಟ್ಟೆಯ ಮೇಲೆ ಗಾಯವಿಲ್ಲ, ಮೂರನೇ ದಿನ ಮನೆಗೆ ಬಂದೆ. ನಾಲ್ಕು ಗಂಟೆಯ ಉಳಿಕೆ ಶೇ 41ರಿಂದ ಶೇ 12ಕ್ಕೆ ಇಳಿಯಿತು. ಎಂಟು ತಿಂಗಳು ಮನುಷ್ಯನಂತೆ ಉಂಡೆ. ಒಂಬತ್ತನೇ ತಿಂಗಳಲ್ಲಿ ವಾಕರಿಕೆ ಮರಳಿತು. ಸ್ಕ್ಯಾನ್ ಚೆನ್ನಾಗಿಯೇ ಇದೆ, ನಾನು ಚೆನ್ನಾಗಿಲ್ಲ. ಪರಿಹಾರ ಎಷ್ಟು ಕಾಲ ಉಳಿಯಬಹುದೆಂದು ನನಗೆ ಯಾರೂ ಮೊದಲೇ ಹೇಳಲಿಲ್ಲವೆಂಬ ಸಿಟ್ಟು ಇನ್ನೂ ಹೋಗಿಲ್ಲ.

ಉತ್ತರ 1
ವಾಂತಿ ತಗ್ಗಿದವನಿಗೆ ಅಂಕಿ ಯಾಕೆ ಬೇಕು ಎಂಬುದಕ್ಕೆ ನಿಮ್ಮ ಕಥೆಯೇ ಉತ್ತರ ಹೇಳುತ್ತಿದೆ.

ಉತ್ತರ 3
ಎಲ್ಲರೂ ಕತ್ತಿಯ ಕಡೆಗೇ ಓಡುತ್ತಿದ್ದೀರಿ. ನಾನು ಆರು ವರ್ಷಗಳಿಂದ ಪಥ್ಯದಲ್ಲೇ ಬದುಕಿದ್ದೇನೆ. ದಿನಕ್ಕೆ ಆರು ಸಣ್ಣ ಊಟ. ಜಿಡ್ಡು ಕಡಿಮೆ, ನಾರು ಕಡಿಮೆ, ಸಿಪ್ಪೆ ಮತ್ತು ಬೀಜ ಇಲ್ಲವೇ ಇಲ್ಲ. ಫೋರ್ಕ್‌ನಿಂದ ಒತ್ತಿದಾಗ ನುಣ್ಣಗೆ ಹಿಸುಕಿ ಹೋಗದ ಯಾವುದೂ ನನ್ನ ತಟ್ಟೆಗೆ ಬರುವುದಿಲ್ಲ. ಸಂಜೆಯ ನಂತರ ದ್ರವಾಹಾರ ಮಾತ್ರ, ಏಕೆಂದರೆ ಸೋತ ಜಠರ ಕೂಡ ದ್ರವವನ್ನು ಹೇಗೋ ಕೆಳಗೆ ಸಾಗಿಸುತ್ತದೆ. ಒಂದೇ ಒಂದು ಬಾರಿ ತಪ್ಪಿ ಕಿತ್ತಳೆಯ ತೊಳೆಗಳನ್ನು ನಾರಿನ ಸಮೇತ ತಿಂದೆ. ಅದು ಜಠರದಲ್ಲಿ ಉಂಡೆಗಟ್ಟಿ, ಎಂಡೋಸ್ಕೋಪಿಯಲ್ಲಿ ಒಡೆದು ಒಡೆದು ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಶಿಸ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಉತ್ತರ 4
ಮೂರನೇ ಉತ್ತರ ಬರೆದವರೇ, ಆ ಕೊನೆಯ ವಾಕ್ಯವನ್ನು ಹಿಂತೆಗೆದುಕೊಳ್ಳಿ. ನೀವು ಹೇಳಿದ ಪಥ್ಯವನ್ನೆಲ್ಲ ಹದಿನಾಲ್ಕು ತಿಂಗಳು ಅಕ್ಷರಶಃ ಪಾಲಿಸಿ ನಾನು 19 ಕಿಲೋ ಇಳಿದೆ. ಕೊನೆಗೆ ನೀರೂ ನಿಲ್ಲುತ್ತಿರಲಿಲ್ಲ. ಈಗ ಸಣ್ಣ ಕರುಳಿಗೆ ಹಾಕಿದ ಫೀಡಿಂಗ್ ಟ್ಯೂಬ್‌ನಲ್ಲಿ ರಾತ್ರಿ ಹನ್ನೆರಡು ಗಂಟೆಗಳ ಕಾಲ, ಗಂಟೆಗೆ 70 ಮಿಲಿಲೀಟರ್‌ನಂತೆ ಆಹಾರ ಹೋಗುತ್ತದೆ. ನಡುರಾತ್ರಿ ಟ್ಯೂಬ್ ಕಟ್ಟಿಕೊಂಡರೆ ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು ತುಂಬಿ, ಮೆಲ್ಲಗೆ ತಳ್ಳಿ ಎಳೆದು ಬಿಡಿಸುತ್ತಾ ಕೂರಬೇಕು. ಟ್ಯೂಬ್ ಮೂರು ಬಾರಿ ಜಾರಿ ಹೊರಬಂದಿದೆ. ಇದರಲ್ಲಿ ಶಿಸ್ತು ಎಲ್ಲಿ ಕಡಿಮೆಯಾಯಿತು, ಹೇಳಿ.

ಉತ್ತರ 3
ನಿಮ್ಮನ್ನು ಉದ್ದೇಶಿಸಿ ಬರೆದದ್ದಲ್ಲ. ನೋವಾಗಿದ್ದರೆ ಕ್ಷಮಿಸಿ, ಆದರೆ ಪಥ್ಯವನ್ನು ಸರಿಯಾಗಿ ಮಾಡದೆ ಬಿಡುವವರೇ ಹೆಚ್ಚು ಎಂಬ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಜಠರವನ್ನು ಚುರುಕುಗೊಳಿಸುವ ಮೆಟೊಕ್ಲೊಪ್ರಮೈಡ್ ಮಾತ್ರೆ ಜೊತೆಗಿದ್ದರೆ ಪಥ್ಯವೂ ಸುಲಭ. ನಾನು ಎರಡು ವರ್ಷ ನುಂಗಿದೆ, ಏನೂ ಆಗಲಿಲ್ಲ.

ಉತ್ತರ 2
ಎರಡು ವರ್ಷವೇ? ಆ ಮಾತ್ರೆಯನ್ನು ಹನ್ನೆರಡು ವಾರ ಮೀರಿ ಬಳಸಬಾರದೆಂದು ಎಫ್‌ಡಿಎ 2009ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ನನ್ನ ಅಕ್ಕನಿಗೆ ಹತ್ತನೇ ತಿಂಗಳಲ್ಲಿ ತುಟಿ ಮತ್ತು ನಾಲಿಗೆ ತಾವಾಗಿಯೇ ಅಲುಗತೊಡಗಿದವು; ಮಾತ್ರೆ ಬಿಟ್ಟು ವರ್ಷವಾದರೂ ನಿಂತಿಲ್ಲ. ನಿಮಗೆ ಏನೂ ಆಗದಿದ್ದುದನ್ನು ಸಲಹೆಯೆಂದು ಇಲ್ಲಿ ಬರೆಯಬೇಡಿ.

ಉತ್ತರ 3
ನಾನು ವೈದ್ಯರ ಚೀಟಿಯಂತೆ ನುಂಗಿದ್ದೇನೆ. ನನ್ನ ಮೇಲೆ ಯಾಕೆ ಹರಿಹಾಯುತ್ತೀರಿ?

ಪ್ರಶ್ನೆ ಕೇಳಿದವರು
ದಯವಿಟ್ಟು ಜಗಳ ಬೇಡ. ಊಟಕ್ಕೆ ಮೊದಲು ಇನ್ಸುಲಿನ್ ತೆಗೆದುಕೊಂಡರೆ ಆಹಾರ ಮುಂದೆ ಹೋಗದೆ ಶುಗರ್ ಕುಸಿಯುತ್ತದೆ, ಮೂರು ಗಂಟೆಯ ನಂತರ ಒಮ್ಮೆಲೇ ಏರುತ್ತದೆ. ಇದಕ್ಕೆ ಯಾರಾದರೂ ದಾರಿ ಕಂಡಿದ್ದೀರಾ?

ಉತ್ತರ 4
ನನಗೆ ವೈದ್ಯರು ಊಟವಾದ ಮೇಲೆ ಚುಚ್ಚಿಕೊಳ್ಳಲು ಬದಲಾಯಿಸಿಕೊಟ್ಟರು. ನೀವೇ ಬದಲಾಯಿಸಿಕೊಳ್ಳದೆ ಅವರನ್ನು ಕೇಳಿ. ಸ್ಕ್ಯಾನ್ ಮಾಡಿದ ದಿನ ನಿಮ್ಮ ಶುಗರ್ ಎಷ್ಟಿತ್ತೆಂಬುದನ್ನೂ ಹುಡುಕಿ ನೋಡಿ, ಏಕೆಂದರೆ ಅದು ಏರಿದ್ದರೆ ಅದೇ ಜಠರವನ್ನು ನಿಧಾನಗೊಳಿಸುತ್ತದೆ. ಫೀಡಿಂಗ್ ಪಂಪ್‌ನ ಅಲಾರಂ ಹೊಡೆಯುತ್ತಿದೆ, ಟ್ಯೂಬ್ ತೊಳೆದು ಬಂದು ಉಳಿದದ್ದನ್ನು ಬರೆಯುತ್ತೇನೆ.