ಮುರುಗಲ ತುಪ್ಪವೂ ಸಪೂರ ಕೊರಳಿನ ಬಾಟಲಿಯೂ

ಶಿರಸಿಯ ಹೆಗಡೆಯವರ ಜಗಲಿಯಲ್ಲಿ ಕವಳದ (ಎಲೆ ಅಡಿಕೆಯ) ತಟ್ಟೆಯ ಸುತ್ತ ಕುಳಿತಿದ್ದ ನಾವು, ಅವರ ಅಕ್ಕ ತಯಾರಿಸಿದ ಮುರುಗಲ (ಪುನರ್ಪುಳಿ, ಅಂದರೆ ಕೋಕಂ) ಬೀಜದ ತುಪ್ಪವನ್ನೂ ಕಷಾಯದ ಪುಡಿಯನ್ನೂ ಯಾವುದರಲ್ಲಿ ತುಂಬಿ ಮಾರಬೇಕೆಂಬುದನ್ನು, ಅಕ್ಕನೊಬ್ಬರನ್ನು ಬಿಟ್ಟು ಎಲ್ಲರ ಅಭಿಪ್ರಾಯವನ್ನೂ ಕೇಳಿ ತೀರ್ಮಾನಿಸುವವರಿದ್ದೆವು.

“ಗಾಜಿನ ಬಾಟಲಿ, ಸಪೂರ ಕೊರಳು, ಚಿನ್ನದ ಬಣ್ಣದ ಮುಚ್ಚಳ. ಗಿರಾಕಿ ಮೂಸಿ ನೋಡುವ ಮೊದಲೇ ಹಣ ತೆಗೆಯಬೇಕು” ಎಂದರು ಭಟ್ಟರು.

ಬಾಗಿಲ ಬಳಿ ನಿಂತಿದ್ದ ಅಕ್ಕ, ಮುರುಗಲ ತುಪ್ಪವು ಕೊಬ್ಬರಿ ಎಣ್ಣೆಯಂತಲ್ಲವೆಂದೂ, ಸುಮಾರು 40 ಡಿಗ್ರಿ ಬಿಸಿಯಾಗದೆ ಅದು ಕರಗುವುದಿಲ್ಲವೆಂದೂ, ಕಾಯಿಸಿ ಸುರಿದರೆ ಬಾಟಲಿಯೊಳಗೆ ಹೋದೀತೇ ಹೊರತು ಮರಳಿ ಬರುವುದಿಲ್ಲವೆಂದೂ ತಿಳಿಸಿದರು.

“ಜೊತೆಗೊಂದು ಸುತ್ತಿಗೆಯನ್ನು ಉಚಿತವಾಗಿ ಕೊಡೋಣ” ಎಂದರು ಮಾಸ್ತರರು. ಅಗಲ ಬಾಯಿಯ ಪುಟ್ಟ ಡಬ್ಬಿಯೇ ಆಗಬೇಕೆಂದೂ, ನೀರಿನ ಪಸೆ ಉಳಿಯದಂತೆ ತುಪ್ಪವನ್ನು ಕಾಯಿಸಿ, ಪೂರ್ತಿ ಆರಿದ ಮೇಲೆ ಮುಚ್ಚಬೇಕೆಂದೂ ಅಕ್ಕ ಹೇಳಿದ್ದನ್ನು ಭಟ್ಟರು ತಮ್ಮದೇ ಸಲಹೆಯೆಂಬಂತೆ ಗಟ್ಟಿಯಾಗಿ ಪುನರುಚ್ಚರಿಸಿದರು.

ಪ್ಲಾಸ್ಟಿಕ್ಕಿನ ಕಡುವೈರಿಗಳಾದ ಮಾಸ್ತರರು ಕಷಾಯದ ಪುಡಿಗೆ ಅಡಿಕೆ ಹಾಳೆಯ ಪೊಟ್ಟಣವನ್ನು ಸೂಚಿಸಿದರು. ಹಾಳೆಯ ಮೇಲೆ ನನಗೂ ಮಮಕಾರವಿದೆ. ಆದರೆ ಆಷಾಢದಲ್ಲಿ ಉಪ್ಪಿನ ಮರಿಗೆಯೇ ನೀರೊಡೆಯುವ ಈ ಊರಿನಲ್ಲಿ ಹಾಳೆಯು ಗಾಳಿಯ ತೇವವನ್ನೆಲ್ಲ ಹೀರಿ, ಹದಿನೈದೇ ದಿನಗಳಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸುಗಳ ಜೊತೆ ಯಾರೂ ಹಾಕದ ಬೂಸಲನ್ನೂ ಸೇರಿಸಿಬಿಡುತ್ತದೆ. ಹುರಿದು ಬೀಸಿದ ಪುಡಿ ತಣಿದ ಮೇಲೆ ಒಳಗೆ ಅಲ್ಯೂಮಿನಿಯಂ ಹಾಳೆಯಿರುವ ಚೀಲಕ್ಕೆ ತುಂಬಿ, ಬಾಯಿಯನ್ನು ಕಾಯಿಸಿ ಅಂಟಿಸಿ, ಒಂದೆರಡು ಚೀಲಗಳನ್ನು ಬಕೆಟ್ಟಿನ ನೀರಿನಲ್ಲಿ ಅದುಮಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದೇ ಸರಿಯಾದ ಕ್ರಮ. ಕೊನೆಗೆ ಹೊರಗೊಂದು ಕಾಗದದ ಚೀಲವಿರಲಿ ಎಂಬ ಒಪ್ಪಂದವಾಗಿ, ಪರಿಸರ ಹೊರಗೂ ಕಷಾಯ ಒಳಗೂ ಉಳಿದವು.

ನಿಜವಾದ ಜಗಳ ಹತ್ತಿದ್ದು ಚೀಲದ ಮೇಲೆ ಅಂಟಿಸುವ ಚೀಟಿಯ ವಿಷಯದಲ್ಲಿ. “ಕಷಾಯದ ಪುಡಿ: ಸಕ್ಕರೆ ಕಾಯಿಲೆ, ಸಂಧಿವಾತ, ಅಜೀರ್ಣಗಳಿಗೆ ರಾಮಬಾಣ” ಎಂದು ಭಟ್ಟರು ಬರೆದು ತಂದಿದ್ದರು. ವಕೀಲರು ಕನ್ನಡಕ ಏರಿಸಿ, ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಜಾಹೀರಾತು ಕೊಡುವುದನ್ನು ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯೇ ನಿಷೇಧಿಸಿದೆಯೆಂದು ಮೊದಲ ರೋಗದ ಹೆಸರನ್ನು ಹೊಡೆದರು. ರೋಗದ ಹೆಸರು ಹೇಳಿ ಮಾರಿದರೆ ಅದು ಔಷಧವಾಗಿ, 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಂತೆ ತಯಾರಿಕೆಗೆ ಪರವಾನಗಿ ಬೇಕಾಗುತ್ತದೆಂದು ಉಳಿದವನ್ನೂ ಹೊಡೆದರು.

“ನಮ್ಮಜ್ಜ ಊರಿಗೆಲ್ಲ ಮದ್ದು ಕೊಡುತ್ತಿದ್ದರಲ್ಲ, ಅವರಿಗೆ ಯಾವ ಪರವಾನಗಿಯಿತ್ತು?”

“ವೈದ್ಯರು ತಮ್ಮ ರೋಗಿಗೆಂದೇ ತಯಾರಿಸಿಕೊಡುವುದಕ್ಕೆ ಆ ಕಾಯ್ದೆಯಲ್ಲಿ ವಿನಾಯಿತಿಯಿದೆ. ಅಂಗಡಿಯ ಕಪಾಟಿನಿಂದ ಕೊಳ್ಳುವವನು ನಿಮ್ಮಜ್ಜನ ರೋಗಿಯಲ್ಲ.”

ಆಹಾರವೆಂದು ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಗಳ ಸಂಖ್ಯೆ, ಬಳಸಿದ ಸಾಮಗ್ರಿಗಳು, ಗ್ರಾಂಗಳಲ್ಲಿ ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕೆಂಬುದು, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಬೆಲೆ, ತಯಾರಕರ ವಿಳಾಸ, ಇಷ್ಟಾದರೂ ಇರಲೇಬೇಕೆಂದು ವಕೀಲರು ಒಂದೇ ಉಸಿರಿನಲ್ಲಿ ಹೇಳಿ ಕವಳಕ್ಕೆ ಕೈಹಾಕಿದರು. ಭಟ್ಟರ ಸಾಹಿತ್ಯದಲ್ಲಿ ಕೊನೆಗೆ ಉಳಿದದ್ದು “ಕಷಾಯದ ಪುಡಿ” ಎಂಬ ಎರಡು ಪದಗಳು ಮಾತ್ರ.

“ಇಷ್ಟನ್ನೇ ಓದಿ ಯಾರು ಕೊಳ್ಳುತ್ತಾರೆ?” ಎಂದು ಅವರು ಕಂಗಾಲಾದರು. ಕಷಾಯವೆಂದರೇನೆಂದು ಈ ಸೀಮೆಯವರಿಗೆ ಚೀಟಿಯಲ್ಲಿ ಕಲಿಸಬೇಕಾಗಿಲ್ಲವೆಂದು ಅಕ್ಕ ಒಳಗಿನಿಂದಲೇ ಹೇಳಿದರು. ನನಗಂತೂ ಅದುವರೆಗಿನ ಅತ್ಯುತ್ತಮ ವ್ಯಾಪಾರದ ಮಾತು ಅದೇ ಎನಿಸಿತು.

ಭಟ್ಟರು ಸೋಲೊಪ್ಪಲಿಲ್ಲ. “ನಮ್ಮಜ್ಜಿ ತೊಂಬತ್ತಾರು ವರ್ಷ ಬದುಕಿದ್ದರೆಂದಾದರೂ ಹಾಕಬಹುದೇ? ಅದು ರೋಗವಲ್ಲವಲ್ಲ!”

“ಅಜ್ಜಿ ದಿನವೂ ಈ ಕಷಾಯವನ್ನೇ ಕುಡಿಯುತ್ತಿದ್ದರೇ?” ಎಂದು ವಕೀಲರು ಪಾಟೀಸವಾಲಿಗಿಳಿದರು.

“ಇಲ್ಲ” ಎಂದರು ಭಟ್ಟರು, “ಅವರಿಗೆ ಚಹಾ ಇಲ್ಲದೆ ಆಗುತ್ತಿರಲಿಲ್ಲ.”