ಎಸ್‌ಎಸ್‌ಡಿ ಹಾಕಿದರೂ ಕಂಪ್ಯೂಟರ್ ಹಳೆಯ ಹಾರ್ಡ್ ಡಿಸ್ಕ್‌ನಿಂದಲೇ ಶುರುವಾಗುತ್ತಿದೆ

ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2013ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಅಡಿಕೆ ಲೆಕ್ಕ, ಮಗಳ ಓದಿನ ಕಡತ ಎಲ್ಲವೂ ಅದರಲ್ಲಿಯೇ. ತೆರೆದುಕೊಳ್ಳಲು ಐದು ನಿಮಿಷ ಹಿಡಿಯುತ್ತಿತ್ತೆಂದು 240 ಜಿಬಿಯ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಜಾಗಕ್ಕೆ ಬರುವ ವೇಗದ ಸಂಗ್ರಹ ಸಾಧನ; ಸಾಟಾ ಎಂಬುದು ಡಿಸ್ಕ್ ಜೋಡಿಸುವ ಕೇಬಲ್‌ನ ಬಗೆ) ತಂದು, ಹಳೆಯ ಡಿಸ್ಕ್ ಅನ್ನು ಅದಕ್ಕೆ ಇದ್ದಂತೆಯೇ ನಕಲು (ಕ್ಲೋನ್) ಮಾಡಿದೆ. ವೇಗದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದರೆ ಸಿ ಡ್ರೈವ್ ಇನ್ನೂ ಹಳೆಯದರಲ್ಲಿಯೇ ಇದೆ. ಡಿಲೀಟ್ ಕೀಲಿ ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋದೆ. ಯಾವುದರಿಂದ ಶುರುವಾಗಬೇಕೆಂದು ಹೇಳುವ ಬೂಟ್ ಪುಟದಲ್ಲಿ ಡಿವಿಡಿ, ಹಳೆಯ ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಇಷ್ಟೇ ಇವೆ, ಎಸ್‌ಎಸ್‌ಡಿಯ ಹೆಸರಿಲ್ಲ. ಆದರೆ ಸಾಟಾ ಪುಟದಲ್ಲಿ ಅದು ಕಾಣುತ್ತದೆ. ಅಂಗಡಿಯವರು ‘ಬೋರ್ಡ್ ಹಳೆಯದು, ಎಸ್‌ಎಸ್‌ಡಿ ಹೊಂದುವುದಿಲ್ಲ’ ಎಂದರು. ನಿಜವೇ?

ಬೆಸುಗೆ:
ನಿಜವಲ್ಲ ಸರ್. ಸಾಟಾ ಪುಟದಲ್ಲಿ ಕಂಡಿತೆಂದರೆ ಬೋರ್ಡ್ ಅದನ್ನು ಗುರುತಿಸಿದೆ. ಬಯೋಸ್‌ಗೆ ಸಾಟಾ ಎಸ್‌ಎಸ್‌ಡಿಯೂ ಒಂದು ಹಾರ್ಡ್ ಡಿಸ್ಕ್ ಅಷ್ಟೇ.

ಮೊದಲು ಕ್ಲೋನ್ ಸರಿಯಾಗಿದೆಯೇ ನೋಡೋಣ. ಕಂಪ್ಯೂಟರ್ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಹಳೆಯ ಡಿಸ್ಕ್‌ನ ಸಾಟಾ ಕೇಬಲ್ ಬಿಚ್ಚಿ. ಎಸ್‌ಎಸ್‌ಡಿ ಒಂದರಿಂದಲೇ ವಿಂಡೋಸ್ ತೆರೆದುಕೊಂಡರೆ ಕ್ಲೋನ್ ಚೆನ್ನಾಗಿದೆ, ತೊಂದರೆ ಇರುವುದು ಯಾವ ಡಿಸ್ಕ್ ಮೊದಲು ಎಂಬ ಸರದಿಯಲ್ಲಿ ಮಾತ್ರ. ಈ ಪರೀಕ್ಷೆ ಮಾಡದೆ ಬಯೋಸ್‌ನಲ್ಲಿ ಎಷ್ಟು ತಡಕಾಡಿದರೂ ದೋಷ ಎಲ್ಲಿದೆ ಎಂದು ತಿಳಿಯುವುದಿಲ್ಲ.

ಆಮೇಲೆ ಕೇಬಲ್ ಮತ್ತೆ ಸಿಕ್ಕಿಸಿ ಬಯೋಸ್‌ಗೆ ಹೋಗಿ. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿ ಬೂಟ್ ಪಟ್ಟಿ ಒಂದೊಂದು ಜಾತಿಯ ಸಾಧನಕ್ಕೆ ಒಂದೇ ಸಾಲು ಕೊಡುತ್ತದೆ: ಡಿವಿಡಿಗೆ ಒಂದು, ಡಿಸ್ಕುಗಳಿಗೆಲ್ಲ ಸೇರಿ ಒಂದು. ಎರಡು ಡಿಸ್ಕ್ ಇದ್ದರೆ ಮೊದಲನೆಯದರ ಹೆಸರು ಮಾತ್ರ ಅಲ್ಲಿ ಕಾಣುತ್ತದೆ. ಡಿಸ್ಕುಗಳ ಒಳಗಿನ ಸರದಿ ಬೇರೆ ಕಡೆ ಇರುತ್ತದೆ. ಅದೇ ಬೂಟ್ ಪುಟದಲ್ಲಿ ಕೆಳಗೆ ಸರಿಯಿರಿ, ‘ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್’ ಎಂಬ ಸಾಲು ಸಿಗುತ್ತದೆ. ಅದರೊಳಗೆ ಎಸ್‌ಎಸ್‌ಡಿಯನ್ನು ಮೊದಲ ಸ್ಥಾನಕ್ಕೆ ತನ್ನಿ. ಈಗ ಮುಖ್ಯ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ, ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಎಫ್10 ಒತ್ತಿ ಉಳಿಸಿ.

ಪೆನ್ ಡ್ರೈವ್‌ನಿಂದ ಒಮ್ಮೆ ತೆರೆಯಬೇಕಾದಾಗ ಈ ಸರದಿಯನ್ನು ಮುಟ್ಟಬೇಡಿ. ಅದಕ್ಕೆ ಬೂಟ್ ಮೆನು ಬೇರೆಯೇ ಇದೆ: ಏಸಸ್‌ನಲ್ಲಿ ಎಫ್8, ಗಿಗಾಬೈಟ್‌ನಲ್ಲಿ ಎಫ್12, ಎಂಎಸ್‌ಐನಲ್ಲಿ ಎಫ್11.

ಮಲೆನಾಡಿಗ:
ಆ ಸಾಲು ಸಿಕ್ಕಿತು! ಎಸ್‌ಎಸ್‌ಡಿಯಿಂದ ಅರ್ಧ ನಿಮಿಷದೊಳಗೆ ತೆರೆದುಕೊಂಡಿತು, ರೀಸ್ಟಾರ್ಟ್ ಮಾಡಿದರೂ ಸರಿಯಿತ್ತು. ಆದರೆ ಮರುದಿನ ಬೆಳಿಗ್ಗೆ ಮತ್ತೆ ಹಳೆಯ ಡಿಸ್ಕ್. ಪುನಃ ಬದಲಿಸಿದೆ, ಮಾರನೆಯ ದಿನ ಅದೇ ಕಥೆ. ಮೂರು ದಿನವಾಯಿತು. ಬೆಳಿಗ್ಗೆ ದಿನಾಂಕವೂ ಯಾವುದೋ ಹಳೆಯ ವರ್ಷಕ್ಕೆ ಹೋಗಿರುತ್ತದೆ.

ಬೆಸುಗೆ:
ರಾತ್ರಿ ಗೋಡೆಯ ಸ್ವಿಚ್ಚನ್ನೂ ಆರಿಸುತ್ತೀರಾ?

ಮಲೆನಾಡಿಗ:
ಸ್ವಿಚ್ ಮಾತ್ರವಲ್ಲ, ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಇಲ್ಲಿ ಸಿಡಿಲಿನ ಹೆದರಿಕೆ. ಎರಡು ವರ್ಷದ ಹಿಂದೆ ಪಕ್ಕದ ಮನೆಯಲ್ಲಿ ಟಿವಿ, ಮೋಡೆಮ್ ಎರಡೂ ಸುಟ್ಟವು.

ಬೆಸುಗೆ:
ಕೀಳುವುದನ್ನು ಬಿಡಬೇಡಿ, ಅದು ಸರಿಯಾದ ಅಭ್ಯಾಸ. ತೊಂದರೆ ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್‌ನದು. ಪ್ಲಗ್ ಸಿಕ್ಕಿಸಿದ್ದಾಗ, ಕಂಪ್ಯೂಟರ್ ಆರಿದ್ದರೂ, ಎಸ್‌ಎಂಪಿಎಸ್‌ನಿಂದ (ಒಳಗಿನ ವಿದ್ಯುತ್ ಪೆಟ್ಟಿಗೆ) 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಬೋರ್ಡಿಗೆ ಬರುತ್ತಿರುತ್ತದೆ. ಗಡಿಯಾರವೂ ನೀವು ಉಳಿಸಿದ ಸರದಿಯೂ ಅದರಲ್ಲಿ ಬದುಕಿರುತ್ತವೆ. ಪ್ಲಗ್ ಕಿತ್ತ ಮೇಲೆ ಆ ಹೊಣೆ ಸೆಲ್‌ನ ಮೇಲೆ ಬೀಳುತ್ತದೆ. ಇಷ್ಟು ವರ್ಷ ದುಡಿದ ಸೆಲ್ ಬತ್ತಿಹೋಗಿದೆ. ಅದಕ್ಕೇ ಹಗಲಿನ ರೀಸ್ಟಾರ್ಟ್‌ನಲ್ಲಿ ಉಳಿದ ಸರದಿ ರಾತ್ರಿ ಅಳಿಸಿಹೋಗುತ್ತಿದೆ.

ಸಿಆರ್2032 ಎಂದು ಕೇಳಿ ತನ್ನಿ, 3 ವೋಲ್ಟ್‌ನದು. ಕೂಡು ಗುರುತಿನ ಮುಖ ಮೇಲೆ ಬರಬೇಕು. ಪ್ಲಗ್ ಕಿತ್ತು, ಬದಿಯ ಚಿಮ್ಮುಪಟ್ಟಿಯನ್ನು ಮೆಲ್ಲಗೆ ಒತ್ತಿದರೆ ಹಳೆಯದು ಎದ್ದುಬರುತ್ತದೆ.

ಹಳೆಪಟ್ಟಿ:
ನಡುವೆ ಒಂದು ಮಾತು. ಸೆಲ್ ಬದಲಿಸಿದ ಮೇಲೆ ವಿಂಡೋಸ್ ತೆರೆಯದೆ ನೀಲಿ ಪರದೆ ಬಂದರೆ ಗಾಬರಿಯಾಗಬೇಡಿ, ಬಯೋಸ್‌ನಲ್ಲಿ ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ) ನೋಡಿ. ಕೆಲವು ಬೋರ್ಡುಗಳು ಮೂಲಸ್ಥಿತಿಗೆ ಮರಳಿದಾಗ ಎಎಚ್‌ಸಿಐ ಬಿಟ್ಟು ಐಡಿಇಗೆ ಹೋಗುತ್ತವೆ.

ಬೆಸುಗೆ:
ಅದು ಸರಿ. ಇವರ ಯಂತ್ರ ದಿನವೂ ಮೂಲಸ್ಥಿತಿಗೆ ಹೋಗಿಯೂ ತೆರೆಯುತ್ತಿದೆ, ಹಾಗಾಗಿ ಆ ಭಯವಿಲ್ಲ. ನನಗೆ ಚಿಂತೆ ಬೇರೆ. ಮಲೆನಾಡಿಗರೇ, ಈ ಮೂರು ಬೆಳಿಗ್ಗೆ ಹಳೆಯ ಡಿಸ್ಕ್‌ನಿಂದ ತೆರೆದು ಏನಾದರೂ ಬರೆದಿದ್ದೀರಾ? ಬರೆದಿದ್ದರೆ ಅದು ಎಸ್‌ಎಸ್‌ಡಿಯಲ್ಲಿ ಇರುವುದಿಲ್ಲ. ಎರಡರಲ್ಲೂ ಒಂದೇ ಹೆಸರಿನ ಕಡತಗಳಿವೆ, ಒಳಗಿನದು ಮಾತ್ರ ಬೇರೆಯಾಗಿದೆ. ಹೋಲಿಸಿ ನೋಡುವ ತನಕ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ.

ಮಲೆನಾಡಿಗ:
ಪೇಟೆಯಿಂದ ಸೆಲ್ ತಂದು ಹಾಕಿ, ಬಯೋಸ್‌ನಲ್ಲಿ ಸರದಿಯನ್ನೂ ದಿನಾಂಕವನ್ನೂ ಮತ್ತೊಮ್ಮೆ ಸರಿಪಡಿಸಿದೆ. ಎರಡು ರಾತ್ರಿ ಪ್ಲಗ್ ಕಿತ್ತಿಟ್ಟೆ, ಎರಡು ಬೆಳಿಗ್ಗೆಯೂ ಎಸ್‌ಎಸ್‌ಡಿಯಿಂದಲೇ ತೆರೆಯಿತು, ದಿನಾಂಕವೂ ಸರಿಯಿದೆ. ನೀವು ಹೇಳಿದ್ದು ಒಳ್ಳೆಯದಾಯಿತು: ಸೊಸೈಟಿಗೆ ಅಡಿಕೆ ಕೊಟ್ಟ ಎರಡು ದಿನದ ತೂಕದ ಲೆಕ್ಕ ಹಳೆಯ ಡಿಸ್ಕ್‌ನಲ್ಲಿ ಮಾತ್ರ ಇತ್ತು. ಅದನ್ನು ಹೊಸದಕ್ಕೆ ತಂದಿದ್ದೇನೆ. ಮಗಳ ಕಡತಗಳನ್ನು ಅವಳೇ ಕೂತು ಹೋಲಿಸುತ್ತಿದ್ದಾಳೆ.